ಮೊದಲ ಸೆಮಿಸ್ಟರ್ ಹಗುರವಾಗಲಿ, ಡಿಗ್ರಿ ಉದ್ದವಾಗದಿರಲಿ

ಪಿಯುಸಿ ಫಲಿತಾಂಶ ಬಂತೆಂದರೆ ಮೈಸೂರು ಜಿಲ್ಲೆಯ ತಗಡೂರು ಸುತ್ತಿನ ಹಳ್ಳಿಗಳಲ್ಲಿ ಮಕ್ಕಳನ್ನು ಕಂಡವರೆಲ್ಲ ಕೇಳುವುದು ಎರಡೇ ಪ್ರಶ್ನೆ: ‘ಪರ್ಸೆಂಟೇಜ್ ಎಷ್ಟು?’, ‘ಯಾವ ಕಾಂಬಿನೇಷನ್?’ ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಮಧ್ಯಾಹ್ನ ಲ್ಯಾಬ್, ಕೊನೆಯ ಪೀರಿಯಡ್ ಮುಗಿದ ಮೇಲೆ ಊರಿಗೆ ಬಸ್ಸು ಇದೆಯೋ ಇಲ್ಲವೋ ಎಂದು ವಿಚಾರಿಸುವವರು ಕಡಿಮೆ. ಅರ್ಜಿ ಹಿಡಿದು ಕಾಲೇಜಿನ ಕೌಂಟರಿನ ಮುಂದೆ ನಿಂತ ಹುಡುಗನಿಗೆ ಊರಿನ ಸೀನಿಯರ್ ಒಬ್ಬ ‘ಎಚ್‌ಇಪಿ ಹಾಕ್ಸು ಮಗಾ, ಈಜಿ’ ಎನ್ನುತ್ತಾನೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರೂ ಆ ಒಂದು ಮಾತಿನಲ್ಲಿ ತೀರ್ಮಾನವಾಗಿಬಿಡುತ್ತವೆ.

ಕಾಂಬಿನೇಷನ್ ಮೇಲೆ ಇಷ್ಟೊಂದು ಗಮನ ಬೀಳುವುದಕ್ಕೆ ಕಾರಣವೂ ಇದೆ. ನಮ್ಮ ಸಾಮಾನ್ಯ ಡಿಗ್ರಿ ಕಾಲೇಜುಗಳಲ್ಲಿ ಹೊಸಬರ ಕೈಯಲ್ಲಿರುವ ಆಯ್ಕೆ ಹೆಚ್ಚುಕಡಿಮೆ ಅದೊಂದೇ. ಮೊದಲ ಸೆಮಿಸ್ಟರ್‌ನಲ್ಲಿ ಎಷ್ಟು ಪತ್ರಿಕೆ ಓದಬೇಕು ಎಂಬುದನ್ನು ವಿಶ್ವವಿದ್ಯಾಲಯ ಮೊದಲೇ ಕಟ್ಟಿಟ್ಟಿರುತ್ತದೆ. ‘ಈ ಸಲ ನಾಲ್ಕು ಓದುತ್ತೇನೆ, ಉಳಿದವು ಆಮೇಲೆ’ ಎನ್ನುವ ಹಾಗಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗೆ ಮೊದಲು ತಂದ ರಾಜ್ಯ ಕರ್ನಾಟಕ. 2021–22ರಲ್ಲಿ ಸೇರಿದವರಿಗೆ ಎರಡು ಭಾಷೆ, ಎರಡು ಮುಖ್ಯ ವಿಷಯ, ಬೇರೆ ವಿಭಾಗದಿಂದ ಒಂದು ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ ಎಂಬ ಕೌಶಲ ಪತ್ರಿಕೆ, ಇವುಗಳ ಮೇಲೆ ಯೋಗ, ಆರೋಗ್ಯದ ಕೋರ್ಸುಗಳು ಒಟ್ಟಿಗೇ ಬಂದವು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, 2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಆನರ್ಸ್ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮೂರು ಮುಖ್ಯ ವಿಷಯಗಳ ಹಳೆಯ ಪದ್ಧತಿಯೂ ಮರಳಿತು. ಮೂರು ವರ್ಷ ಒಳ್ಳೆಯದೋ ನಾಲ್ಕು ವರ್ಷ ಒಳ್ಳೆಯದೋ ಎಂದು ವಾದ ಜೋರಾಗಿಯೇ ನಡೆಯಿತು. ಆದರೆ ಎರಡೂ ಪದ್ಧತಿಗಳಲ್ಲಿ ಮೊದಲ ಸೆಮಿಸ್ಟರ್‌ನ ತೂಕ ಹೆಚ್ಚುಕಡಿಮೆ ಎರಡನೆಯ ಸೆಮಿಸ್ಟರಿನಷ್ಟೇ ಉಳಿಯಿತು. ಕಾಲೇಜಿನ ಮೆಟ್ಟಿಲು ಹತ್ತಿದವರಿಗೂ ಒಂದು ಸೆಮಿಸ್ಟರ್ ಪಳಗಿದವರಿಗೂ ಒಂದೇ ಅಳತೆ.

ಆ ಅಳತೆ ಎಷ್ಟು? 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಓದು ಎಂದರೆ 40 ಕ್ರೆಡಿಟ್, 1200 ಗಂಟೆ. ಪಾಠ, ಲ್ಯಾಬ್, ಮನೆಯ ಓದು ಎಲ್ಲವೂ ಇದರಲ್ಲಿ ಸೇರಿದೆ. ಒಂದು ಸೆಮಿಸ್ಟರ್‌ಗೆ 600 ಗಂಟೆ. ಪಾಠ ನಡೆಯುವ 15 ವಾರಗಳಿಗೆ ಹಂಚಿದರೆ ವಾರಕ್ಕೆ 40 ಗಂಟೆ. ಇದು ಸರ್ಕಾರದ ಲೆಕ್ಕ, ಕಾಗದದ ಮೇಲೆ ಸರಿಯಾಗಿಯೇ ಇದೆ.

ಈ ಲೆಕ್ಕವನ್ನು ತಗಡೂರಿಗೆ ತಂದು ನೋಡಬೇಕು. 1934ರ ಜನವರಿಯಲ್ಲಿ ಗಾಂಧೀಜಿ ಬಂದುಹೋದ, ತಗಡೂರು ರಾಮಚಂದ್ರರಾಯರಿಂದಾಗಿ ಖಾದಿಗೆ, ಸ್ವಾತಂತ್ರ್ಯ ಹೋರಾಟಕ್ಕೆ ಹೆಸರಾದ ಊರು ಇದು. ನಂಜನಗೂಡು ತಾಲ್ಲೂಕಿಗೆ ಸೇರಿದ್ದರೂ ತಿ. ನರಸೀಪುರದ ಸೀಮೆಯೂ ದೂರವಿಲ್ಲ. ಇಲ್ಲಿನ ಮಕ್ಕಳು ಡಿಗ್ರಿಗೆ ನಂಜನಗೂಡು, ತಿ. ನರಸೀಪುರ, ಮೈಸೂರು ಮೂರು ಕಡೆಗೂ ಮುಖ ಮಾಡಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ಇಲ್ಲವಾಯಿತು. ‘ಹೆಂಗೂ ಫ್ರೀ ಬಸ್ಸು, ಮೈಸೂರಿಗೇ ಹೋಗ್ಲಿ ಬುಡಿ’ ಎಂಬ ಮಾತು ಮನೆಗಳಲ್ಲಿ ಸಹಜವಾಗಿ ಬರುತ್ತದೆ. ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳ ಹೆಸರಿನ ಸೆಳೆತವೂ ಸಣ್ಣದಲ್ಲ.

ಟಿಕೆಟ್ಟು ಉಳಿಯಿತು, ಹೊತ್ತು ಉಳಿಯಲಿಲ್ಲ. ಮನೆಯಿಂದ ಬಸ್ ಸ್ಟಾಪಿಗೆ ನಡೆದು, ಕಾದು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಮೈಸೂರಿನಲ್ಲಿ ಸಿಟಿ ಬಸ್ಸು ಹಿಡಿದು ತರಗತಿ ಸೇರುವುದಕ್ಕೆ ಒಂದೂವರೆ ಗಂಟೆ ಎಂದಿಟ್ಟುಕೊಂಡರೂ ಹೋಗಿಬರಲು ದಿನಕ್ಕೆ ಮೂರು ಗಂಟೆ. ವಾರಕ್ಕೆ ಆರು ದಿನ ಎಂದರೆ 18 ಗಂಟೆ. 40ರ ಜೊತೆಗೆ ಅದನ್ನು ಕೂಡಿಸಿದರೆ 58. ಹಾಸ್ಟೆಲಿನಲ್ಲಿ ಅಥವಾ ಕಾಲೇಜಿನ ಪಕ್ಕದ ಬಡಾವಣೆಯಲ್ಲಿ ಇರುವ ಸಹಪಾಠಿಗೂ ಹೀಗೆ ದಿನಾ ಓಡಾಡುವ ಹುಡುಗಿಗೂ ಅಂಕಪಟ್ಟಿಯಲ್ಲಿ ಕ್ರೆಡಿಟ್ ಒಂದೇ, ಹೊರೆ ಒಂದೇ ಅಲ್ಲ. ಸಂಜೆಯ ಬಸ್ಸಿನಲ್ಲಿ ಕಂಬಿಗೆ ಒರಗಿ, ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಲ್ಯಾಬ್ ರೆಕಾರ್ಡು ಮಡಚದಂತೆ ಹಿಡಿದು ನಿಂತ ಮಕ್ಕಳನ್ನು ಈ ದಾರಿಯಲ್ಲಿ ಓಡಾಡುವ ಯಾರಾದರೂ ನೋಡಬಹುದು. ಆ ರೆಕಾರ್ಡು ಬರೆಯುವುದು ಊಟವಾದ ಮೇಲೆ.

ಕಾಲವೂ ಕೂಡಿಬರುವುದಿಲ್ಲ. ಮೊದಲ ಸೆಮಿಸ್ಟರ್ ಶುರುವಾಗುವುದು ಮಳೆಗಾಲದಲ್ಲಿ, ಕಬಿನಿ ನಾಲೆಯ ಬಯಲಿನಲ್ಲಿ ಭತ್ತದ ನಾಟಿ ನಡೆಯುವ ಹೊತ್ತಿಗೆ. ನಡುವೆ ದಸರಾ. ಪರೀಕ್ಷೆ ಬರುವುದು ಡಿಸೆಂಬರ್, ಜನವರಿ ಆಸುಪಾಸಿನಲ್ಲಿ, ಕೊಯ್ಲು, ಒಕ್ಕಣೆ, ಸಂಕ್ರಾಂತಿಯ ಜೊತೆಜೊತೆಗೆ. ಆಳು ಸಿಗದ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೂ ಆಳೇ. ಶೇಕಡ 75 ಹಾಜರಾತಿ ಬೇಕೆನ್ನುವ ನಿಯಮಕ್ಕೆ ನಾಟಿಯೂ ಗೊತ್ತಿಲ್ಲ, ಕೊಯ್ಲೂ ಗೊತ್ತಿಲ್ಲ.

ಇಂಗ್ಲಿಷಿನದು ಮತ್ತೊಂದು ತೂಕ. ಮೈಸೂರು ವಿಶ್ವವಿದ್ಯಾಲಯದ ಬಿಎ ವಿದ್ಯಾರ್ಥಿ ಕನ್ನಡದಲ್ಲಿ ಪರೀಕ್ಷೆ ಬರೆಯಬಹುದು. ಆದರೆ ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ವಾಣಿಜ್ಯ ಓದಿ, ಇಂಗ್ಲಿಷಿನಲ್ಲಿ ಪಾಠ ನಡೆಯುವ ಬಿ.ಕಾಂ. ತರಗತಿಯಲ್ಲಿ ಕುಳಿತವರಿಗೆ ಮೊದಲ ಎರಡು ತಿಂಗಳು ಹೋಗುವುದೇ ಪಾಠ ಹೇಳುವವರ ವಾಕ್ಯ ಹಿಡಿಯುವುದರಲ್ಲಿ. ಲೆಕ್ಕಶಾಸ್ತ್ರ ಗೊತ್ತು, ಪ್ರಶ್ನೆ ಅರ್ಥವಾಗುವುದಿಲ್ಲ. ನಾಲ್ಕು ತಿಂಗಳಲ್ಲಿ ಪರೀಕ್ಷೆ.

ಇಲ್ಲಿ ಅಮೆರಿಕದ ಒಂದು ನಿಯಮ ಹೇಳಲೇಬೇಕು. ವಲಸೆಯ ವಿಷಯದಲ್ಲಿ ಬಿಗಿ ಎಂದು ಹೆಸರಾದ ದೇಶ ಅದು. ಎಫ್-1 ವೀಸಾದ ಮೇಲೆ ಪದವಿ ಓದಲು ಹೋದವರು ಪ್ರತಿ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್ ಓದಲೇಬೇಕು, ಇಲ್ಲದಿದ್ದರೆ ವೀಸಾಕ್ಕೇ ಕುತ್ತು. ಅಲ್ಲಿನ ಪದವಿ ಸಾಮಾನ್ಯವಾಗಿ 120 ಕ್ರೆಡಿಟ್, ಎಂಟು ಸೆಮಿಸ್ಟರ್, ಅಂದರೆ ಸರಾಸರಿ 15. ಹೊಸಬರು 12ರಿಂದ 15ರೊಳಗೆ ಇಟ್ಟುಕೊಳ್ಳಲಿ ಎಂಬುದು ಅಲ್ಲಿ ಸಲಹೆಗಾರರು ಹೇಳುವ ರೂಢಿಯ ಮಾತು. ಇಷ್ಟಾಗಿಯೂ, ಬಂದ ಹೊಸದರಲ್ಲಿ ಇಂಗ್ಲಿಷಿನ ತೊಡಕು, ಅಲ್ಲಿನ ಪಾಠಕ್ರಮದ ಅಪರಿಚಿತತೆ, ತಪ್ಪು ಮಟ್ಟದ ಕೋರ್ಸಿಗೆ ಸೇರಿದ್ದು, ಇಂಥ ಕಾರಣಗಳಿದ್ದರೆ ಒಂದು ಅವಧಿಗೆ ಹೊರೆಯನ್ನು ಅರ್ಧದವರೆಗೆ ಇಳಿಸಿಕೊಳ್ಳಲು ವೀಸಾ ನಿಯಮದಲ್ಲೇ ಅವಕಾಶವಿದೆ. ಕಾಲೇಜಿನ ಅಧಿಕಾರಿಯ ಒಪ್ಪಿಗೆ ಬೇಕು, ಮುಂದಿನ ಅವಧಿಯಲ್ಲಿ ಪೂರ್ತಿ ಹೊರೆಗೆ ಮರಳಬೇಕು.

ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಟೆಕ್ಸಾಸಿಗೆ ಹೋದ ಹುಡುಗನಿಗೆ ‘ಇಂಗ್ಲಿಷ್ ಕಷ್ಟ’ ಎಂದು ಹೇಳಿಕೊಳ್ಳುವ ದಾರಿ ಅಮೆರಿಕದ ಕಾನೂನಿನಲ್ಲಿದೆ. ಕನ್ನಡ ಮಾಧ್ಯಮದಿಂದ ಹೊರಟು ನಂಜನಗೂಡಿನ ಸೇತುವೆ ದಾಟಿದವನಿಗೆ ತನ್ನ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಆ ದಾರಿ ಇಲ್ಲ.

ಈ ವಾದಕ್ಕೆ ಒಂದು ಗಟ್ಟಿ ಎದುರುವಾದವಿದೆ. ಹೊರೆ ಇಳಿಸಿದರೆ ಡಿಗ್ರಿ ಮೂರು ವರ್ಷದಲ್ಲಿ ಮುಗಿಯುತ್ತದೆಯೇ? ಹಳ್ಳಿಯ ಹೆಣ್ಣುಮಗಳಿಗೆ ಒಂದು ವರ್ಷ ಹೆಚ್ಚಾದರೆ ಮದುವೆಯ ಮಾತು ಮನೆಗೆ ಬರುತ್ತದೆ, ಓದು ಅಲ್ಲಿಗೇ ನಿಲ್ಲಬಹುದು. ಗಂಡುಮಕ್ಕಳನ್ನು ದುಡಿಮೆ ಕರೆಯುತ್ತದೆ. ವಿದ್ಯಾರ್ಥಿವೇತನ, ಸರ್ಕಾರಿ ಹಾಸ್ಟೆಲು ಕೊಡುವುದೂ ಕೋರ್ಸಿನ ವರ್ಷಗಳ ಲೆಕ್ಕದಲ್ಲೇ. ಈ ಮಾತನ್ನು ತಳ್ಳಿಹಾಕಲಾಗದು. ಯುಜಿಸಿ 2024ರ ನವೆಂಬರಿನಲ್ಲಿ ಒಪ್ಪಿದ ವಿಸ್ತರಿತ ಪದವಿಯ ಯೋಜನೆ ಸಾಲದೆನ್ನಿಸುವುದೂ ಇದೇ ಕಾರಣಕ್ಕೆ. ಅದರಂತೆ ವಿದ್ಯಾರ್ಥಿ ಪ್ರತಿ ಸೆಮಿಸ್ಟರ್‌ಗೆ ಕಡಿಮೆ ಕ್ರೆಡಿಟ್ ಓದಿ, ಹೆಚ್ಚೆಂದರೆ ಎರಡು ಸೆಮಿಸ್ಟರ್ ತಡವಾಗಿ ಪದವಿ ಮುಗಿಸಬಹುದು. ಆರಿಸಿಕೊಳ್ಳುವುದು ಮೊದಲ ಅಥವಾ ಎರಡನೆಯ ಸೆಮಿಸ್ಟರ್ ಮುಗಿದ ಮೇಲೆ. ಕಷ್ಟ ಇರುವುದು ಮೊದಲ ಸೆಮಿಸ್ಟರ್‌ನಲ್ಲಿ, ಔಷಧ ಸಿಗುವುದು ಅದು ದಾಟಿದ ಮೇಲೆ. ಬೆಲೆ ಇನ್ನೊಂದು ವರ್ಷ.

ಬೇಕಾಗಿರುವುದು ಒಟ್ಟು ಹೊರೆ ಅಷ್ಟೇ ಇಟ್ಟು ಹಂಚಿಕೆ ಬದಲಿಸುವುದು. ಮೊದಲ ಸೆಮಿಸ್ಟರ್‌ನಿಂದ ಒಂದು ಪತ್ರಿಕೆ ತೆಗೆದು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹಾಕಿದರೆ ಪದವಿ ಒಂದು ದಿನವೂ ಉದ್ದವಾಗುವುದಿಲ್ಲ. ಎಲ್ಲರಿಗೂ ಬೇಡವೆಂದರೆ, ಬೇಕಾದವರು ಬರೆದುಕೊಟ್ಟು ಒಂದು ಪತ್ರಿಕೆ ಮುಂದೂಡುವ ಅವಕಾಶವಾದರೂ ಇರಲಿ.

ಇದರಿಂದ ಶಿಸ್ತು ಹಾಳಾಗುತ್ತದೆ ಎನ್ನುವವರು ಈಗ ನಡೆಯುತ್ತಿರುವುದನ್ನು ಗಮನಿಸಲಿ. ಮೊದಲ ಸೆಮಿಸ್ಟರ್‌ನಲ್ಲಿ ಫೇಲಾದ ಪತ್ರಿಕೆಯನ್ನು ಸಾಮಾನ್ಯವಾಗಿ ಮತ್ತೆ ಬರೆಯುವುದು ಮುಂದಿನ ಬೆಸ ಸೆಮಿಸ್ಟರ್‌ನ ಪರೀಕ್ಷೆಯ ಜೊತೆಗೆ, ಅಂದರೆ ಮೂರನೆಯ ಸೆಮಿಸ್ಟರ್‌ನ ಪತ್ರಿಕೆಗಳೊಂದಿಗೆ. ಪತ್ರಿಕೆ ಈಗಲೂ ಮುಂದಕ್ಕೆ ಹೋಗುತ್ತಿದೆ. ‘ಬ್ಯಾಕ್‌ಲಾಗ್’ ಎಂಬ ಹಣೆಪಟ್ಟಿ, ಮರುಪರೀಕ್ಷೆಯ ಶುಲ್ಕ, ‘ನಂಗೆ ಓದಾಗಲ್ಲ’ ಎಂಬ ನಿರ್ಧಾರ ಇವು ಅದರ ಜೊತೆಗೆ ಬರುವ ಹೆಚ್ಚುವರಿ. ಅದೇ ಪತ್ರಿಕೆಯನ್ನು ಮರ್ಯಾದೆಯಿಂದ ಮುಂದೂಡಿದರೆ ಕಳೆದುಕೊಳ್ಳುವುದೇನೂ ಇಲ್ಲ.

ಕಾಲೇಜುಗಳು ಸರ್ಕಾರದ ಆದೇಶ ಕಾಯದೆ ಮಾಡಬಹುದಾದ ಕೆಲಸವೂ ಇದೆ. ಬಸ್ಸಿನಲ್ಲಿ ಬರುವ ಮಕ್ಕಳನ್ನು ಒಂದೇ ಲ್ಯಾಬ್ ಬ್ಯಾಚಿಗೆ ಹಾಕಿ, ಆ ಬ್ಯಾಚು ಸಂಜೆಯ ಬಸ್ಸಿಗೆ ಮುಂಚೆ ಮುಗಿಯುವಂತೆ ವೇಳಾಪಟ್ಟಿ ಮಾಡಬಹುದು. ಪಾಠ ಶುರುವಾಗಿ ಒಂದು ತಿಂಗಳವರೆಗೆ ಕಾಂಬಿನೇಷನ್ ಬದಲಿಸಲು ಬಿಡುವಂತೆ ವಿಶ್ವವಿದ್ಯಾಲಯವನ್ನು ಕೇಳಬಹುದು.

ಅಲ್ಲಿಯವರೆಗೆ ವಿದ್ಯಾರ್ಥಿಗಳು ತಮ್ಮ ಕೈಯಲ್ಲಿರುವುದನ್ನಾದರೂ ನೋಡಿ ಆರಿಸಿಕೊಳ್ಳಬೇಕು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಸಿಬಿಝೆಡ್ ತೆಗೆದುಕೊಂಡರೆ ಮೂರು ವಿಷಯಕ್ಕೂ ಲ್ಯಾಬ್. ಪಿಸಿಎಂನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಎರಡಕ್ಕೂ ಉಪಕರಣ, ರೆಕಾರ್ಡು ತಪ್ಪಿದ್ದಲ್ಲ. ಬಿಎ ಎಂದರೆ ಬರೀ ಓದು ಎಂದುಕೊಂಡು ಭೂಗೋಳಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಹಾಕಿಸಿಕೊಂಡವರಿಗೂ ಪ್ರಾಕ್ಟಿಕಲ್ ಕಾದಿರುತ್ತದೆ. ಆಸಕ್ತಿ ಇದ್ದರೆ ಖಂಡಿತ ತೆಗೆದುಕೊಳ್ಳಲಿ, ಗಂಟೆ ಎಣಿಸಿ ತೆಗೆದುಕೊಳ್ಳಲಿ. ಅಂಕದ ಆಸೆಗೆ, ಹಿಂದೆ ಓದಿಯೇ ಇಲ್ಲದ ಭಾಷೆಯನ್ನು ಹೊಸದಾಗಿ ಹಚ್ಚಿಕೊಳ್ಳುವುದಕ್ಕೆ ಮೊದಲ ಸೆಮಿಸ್ಟರ್ ಸರಿಯಾದ ಹೊತ್ತಲ್ಲ.

ಕಾಲೇಜಿನ ಹೊರಗಿನಿಂದ ಬರುವ ಹೊರೆ ಮಾತ್ರ ಪೂರ್ತಿ ಮನೆಯವರ ಕೈಯಲ್ಲಿದೆ. ‘ಹೆಂಗಿದ್ರೂ ಮೈಸೂರಿಗೆ ಹೋಗ್ತೀಯಲ್ಲ’ ಎಂದು ಟ್ಯಾಲಿ ಕ್ಲಾಸಿಗೆ ಸೇರಿಸುವುದು, ಮೊದಲ ವರ್ಷವೇ ಕೆಎಎಸ್ ಕೋಚಿಂಗಿಗೆ ಹಣ ಕಟ್ಟುವುದು, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿಗೆ ಕಳಿಸುವುದು ಇವೆಲ್ಲ ಆ 58 ಗಂಟೆಯ ಮೇಲೆ ಬೀಳುತ್ತವೆ. ಏಕಕಾಲಕ್ಕೆ ಎರಡು ಪದವಿ ಓದಬಹುದೆಂದು ಯುಜಿಸಿ 2022ರಲ್ಲಿ ಹೇಳಿದ ಮೇಲೆ, ಮೈಸೂರಿನಲ್ಲೇ ಇರುವ ಮುಕ್ತ ವಿಶ್ವವಿದ್ಯಾಲಯದಲ್ಲಿ ಇನ್ನೊಂದಕ್ಕೂ ಹೆಸರು ನೋಂದಾಯಿಸಬಹುದು. ಕಾನೂನು ಬಿಡುತ್ತದೆ, ಮೊದಲ ಸೆಮಿಸ್ಟರ್‌ನ ವೇಳಾಪಟ್ಟಿ ಬಿಡುವುದಿಲ್ಲ. ದುಡಿಯಲೇಬೇಕಾದ ಮನೆಗಳ ಮಾತು ಬೇರೆ. ಉಳಿದವರು ಕೋಚಿಂಗು, ಕಂಪ್ಯೂಟರು, ಎರಡನೆಯ ಪದವಿ ಎಲ್ಲವನ್ನೂ ಎರಡನೆಯ ವರ್ಷಕ್ಕೆ ಇಟ್ಟುಕೊಂಡರೆ ನಷ್ಟವಿಲ್ಲ.

ರಾಜ್ಯ ಶಿಕ್ಷಣ ನೀತಿಯ ಹೆಸರಿನಲ್ಲಿ ಪದವಿಯ ಪಠ್ಯಕ್ರಮ ಇನ್ನೂ ಬದಲಾಗುತ್ತಲೇ ಇರುತ್ತದೆ. ಮುಂದಿನ ತಿದ್ದುಪಡಿಗೆ ಅಧ್ಯಯನ ಮಂಡಳಿಗಳು ಸೇರಿದಾಗ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂಬ ಜಗಳದ ಜೊತೆಗೆ, ಯಾವ ಸೆಮಿಸ್ಟರ್‌ಗೆ ಎಷ್ಟು ಎಂಬುದನ್ನೂ ಮೇಜಿನ ಮೇಲೆ ಇಡಬೇಕು. ಆ ಸಭೆಗೆ ಹೋಗುವ ಪ್ರಾಧ್ಯಾಪಕರಲ್ಲಿ ಹಳ್ಳಿಯಿಂದ ಬಸ್ಸು ಹತ್ತಿ ಬಂದೇ ಓದಿದವರು ಅನೇಕರಿದ್ದಾರೆ. ಮೊದಲ ಸೆಮಿಸ್ಟರ್‌ನಿಂದ ಒಂದು ಪತ್ರಿಕೆ ಇಳಿಸಿ ಎಂದು ಅವರೇ ಕೇಳಬೇಕು.