ಹತ್ತೊಂಬತ್ತು ಯೂರೋ ಟಿಕೆಟ್ಟು, ಹನ್ನೆರಡು ದೇಶ

ಯುರೋಪಿನಲ್ಲಿರೋ ನಮ್ಮ ಕನ್ನಡದ ಮಂದಿ ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಬಿಸಿಬೇಳೆಬಾತ್ ತಟ್ಟೆಗೆ ಬೀಳೋ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ. "ಎಷ್ಟು ದೇಶ ಆಯ್ತು?" ಹನ್ನೆರಡು ಅಂದವರಿಗೆ ಮರ್ಯಾದೆ. ಮೂರು ಅಂದವರ ಕಡೆ ಒಂದು ಕನಿಕರದ ನೋಟ. ಆಮೇಲೆ ಯಾರಿಗೆ ಎಷ್ಟು ಸೋವಿಯಲ್ಲಿ ವಿಮಾನದ ಟಿಕೆಟ್ ಸಿಕ್ತು ಅನ್ನೋ ಹರಾಜು ಶುರು. ಬ್ಲಾಗುಗಳಲ್ಲೂ ಇದೇ ಕಥೆ. "ಹತ್ತು ದಿನದಲ್ಲಿ ಎಂಟು ದೇಶ" ಅಂತ ಶೀರ್ಷಿಕೆ, ಕೆಳಗೆ ಎಂಟು ಫೋಟೋ, ಎಂಟರಲ್ಲೂ ಅದೇ ಕೂಲಿಂಗ್ ಗ್ಲಾಸು!

ಬೈದುಕೊಂಡರೂ ಪರವಾಗಿಲ್ಲ, ಹೇಳಿಬಿಡ್ತೀನಿ. ಈ ದೇಶ ಎಣಿಸೋ ಚಟ ಒಂದು ಮೋಸ, ಆ ಹತ್ತೊಂಬತ್ತು ಯೂರೋ ಟಿಕೆಟ್ಟು ಅದರ ದಲ್ಲಾಳಿ.

ಲೆಕ್ಕ ಹಾಕೋಣ ಬನ್ನಿ. ಜರ್ಮನಿಯಿಂದ ಪ್ಯಾರಿಸ್ಸಿಗೆ ಹೋಗೋಕೆ 19, ಬರೋಕೆ 19 ಅಂತಿಟ್ಟುಕೊಳ್ಳಿ. ಒಟ್ಟು 38 ಯೂರೋ. ಆದರೆ ಆ ದುಡ್ಡಿಗೆ ಸೀಟಿನ ಕೆಳಗೆ ತುರುಕುವಷ್ಟು ಚೀಲ ಮಾತ್ರ. ಸ್ವಲ್ಪ ದೊಡ್ಡ ಬ್ಯಾಗಿಗೆ ಒಂದೊಂದು ಕಡೆಗೆ 20 ಅಂದರೂ 40 ಆಯ್ತು. ಇನ್ನು ಇಂಥ ವಿಮಾನಗಳು ಇಳಿಯೋ "ಪ್ಯಾರಿಸ್" ಅಂದ್ರೆ ಹೆಚ್ಚಾಗಿ ಬೋವೇ. ಊರಿಂದ 80 ಕಿಲೋಮೀಟರ್‌ಗೂ ದೂರ! ಅಲ್ಲಿನ ಬಸ್ಸಿಗೆ ಹೋಗಿಬರೋಕೆ 30. ನಮ್ಮ ಕಡೆಯೂ ಹಾಗೇ. "ಮ್ಯೂನಿಕ್ ವೆಸ್ಟ್" ಅಂತ ಮಾರೋ ಮೆಮ್ಮಿಂಗನ್ ಮ್ಯೂನಿಕ್‌ನಿಂದ ನೂರು ಕಿಲೋಮೀಟರ್ ಆಚೆ. "ಫ್ರಾಂಕ್‌ಫರ್ಟ್-ಹಾನ್" ಕೂಡ ಫ್ರಾಂಕ್‌ಫರ್ಟ್‌ನಿಂದ ನೂರು ದಾಟುತ್ತೆ. ಅದಕ್ಕೊಂದು 20 ಸೇರಿಸಿ. ಒಟ್ಟು 128. ಹಾಸ್ಟೆಲ್ಲಿನಲ್ಲಿ ಎರಡು ರಾತ್ರಿ ಮಂಚಕ್ಕೆ 70. ಹೊಟ್ಟೆಗೆ ಒಂದು ತುತ್ತು ಬೀಳೋ ಮುಂಚೆಯೇ 198 ಯೂರೋ ಸ್ವಾಮಿ!

ಕೈತುಂಬಾ ಸಂಬಳ ಇರೋರು ಏನಾದ್ರೂ ಮಾಡ್ಕೊಳ್ಳಲಿ. ನನಗೆ ಸಂಕಟ ಆಗೋದು ಓದೋಕೆ ಬಂದಿರೋ ಹುಡುಗ ಹುಡುಗಿಯರನ್ನ ನೋಡಿದಾಗ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. ತಿಂಗಳಿಗೆ ಕೈಗೆ ಬರೋದು 992. ಬಾಡಿಗೆ, ವಿಮೆ, ಊಟ ಎಲ್ಲಾ ಅದರಲ್ಲೇ. ಎಷ್ಟೋ ಜನರದ್ದು ಅಪ್ಪ ಸೈಟೋ ತೋಟವೋ ಅಡವಿಟ್ಟು ತೆಗೆದ ಸಾಲದ ದುಡ್ಡು. ಅದರಲ್ಲಿ ಐದನೇ ಒಂದು ಪಾಲು ಒಂದು ವಾರಾಂತ್ಯಕ್ಕೆ! ಯಾಕೆ? ನಮ್ಮಂಥವರು "ಬರೀ ಹತ್ತೊಂಬತ್ತು ಯೂರೋ ಕಣೋ" ಅಂತ ಬರೆದದ್ದನ್ನ ನಂಬಿ.

ಇನ್ನೊಂದು ದಾರಿ ಇದೆ. ಹತ್ತಿರದ್ದನ್ನ ನೋಡೋದು.

ಜರ್ಮನಿಯಲ್ಲಿ 2023ರ ಮೇ 1ರಿಂದ ಡಾಯಿಚ್‌ಲಾಂಡ್ ಟಿಕೆಟ್ ಇದೆ. ಆಗ 49 ಯೂರೋ ಇತ್ತು, 2025ರಲ್ಲಿ 58 ಆಯ್ತು, 2026ರ ಜನವರಿಯಿಂದ 63. ತಿಂಗಳಿಡೀ ದೇಶದ ಲೋಕಲ್ ರೈಲು, ಬಸ್ಸು, ಟ್ರಾಮ್ ಎಲ್ಲಕ್ಕೂ ಸಾಕು. ಐಸಿಇ ಥರದ ವೇಗದ ರೈಲಿಗೆ ಮಾತ್ರ ಆಗಲ್ಲ. ಆಫೀಸಿಗೆ, ಕಾಲೇಜಿಗೆ ಓಡಾಡೋಕೆ ನಮ್ಮಲ್ಲಿ ಬಹಳ ಜನರ ಹತ್ತಿರ ಇದು ಇದ್ದೇ ಇದೆ. ಅಂದ್ರೆ ಶನಿವಾರದ ಪ್ರಯಾಣ ಪುಕ್ಕಟೆ! ಮ್ಯೂನಿಕ್‌ನಿಂದ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ಇದೇ ಟಿಕೆಟ್ ನಡೆಯುತ್ತೆ. ಕೇಲ್‌ನಲ್ಲಿ ಇಳಿದು ರೈನ್ ನದಿಯ ಸೇತುವೆ ಮೇಲೆ ನಡೆದರೆ ಆಚೆ ದಡ ಫ್ರಾನ್ಸು, ಸ್ಟ್ರಾಸ್‌ಬೋರ್ಗ್. ಲಕ್ಸೆಂಬರ್ಗ್ ಒಳಗೆ ಎರಡನೇ ದರ್ಜೆಯ ರೈಲು, ಬಸ್ಸು, ಟ್ರಾಮ್ 2020ರಿಂದ ಎಲ್ಲರಿಗೂ ಉಚಿತ. ನೋಡಿ, ಎಣಿಸಲೇಬೇಕು ಅನ್ನೋರಿಗೆ ದೇಶಗಳೂ ಸಿಕ್ಕವು.

ಇನ್ನೊಂದು ಮಾತು ಕೇಳಿ. ಸ್ಟುಟ್‌ಗಾರ್ಟಿನಲ್ಲಿ ನಮ್ಮವರು ಎಷ್ಟೊಂದು ಜನ ಇದ್ದಾರೆ. ಅಲ್ಲಿಂದ ಲೋಕಲ್ ರೈಲಿನಲ್ಲಿ ಸುಮಾರು ಒಂದು ಗಂಟೆ ಟ್ಯೂಬಿಂಗನ್. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿ 1894ರಲ್ಲಿ ಹೊರತಂದ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಸ್ಟುಟ್‌ಗಾರ್ಟಿನಿಂದ ಕಾಲು ಗಂಟೆ ಹೋದರೆ ಎಸ್ಲಿಂಗನ್. 1843ರಲ್ಲಿ "ಮಂಗಳೂರ ಸಮಾಚಾರ" ಶುರು ಮಾಡಿದ ಹರ್ಮನ್ ಮ್ಯೋಗ್ಲಿಂಗ್ 1881ರಲ್ಲಿ ಕಣ್ಮುಚ್ಚಿದ್ದು ಅಲ್ಲಿ. ಕನ್ನಡದ ಮೊದಲ ಪತ್ರಿಕೆ ತಂದವರ ಊರು ಕಾಲು ಗಂಟೆ ದೂರದಲ್ಲಿದೆ, ಕನ್ನಡದಲ್ಲಿ ಬ್ಲಾಗು ಬರೆಯೋ ನಾವು ಐಫೆಲ್ ಟವರಿನ ಮುಂದೆ ಬೆರಳೆತ್ತಿ ನಿಂತಿದ್ದೀವಿ. ನಾಚಿಕೆ ಆಗಬೇಕೋ ಬೇಡವೋ, ನೀವೇ ಹೇಳಿ.

"ಹಾಗಾದ್ರೆ ಪ್ಯಾರಿಸ್, ರೋಮ್ ನೋಡಲೇಬಾರದಾ?" ಅಂತ ಕೇಳ್ತೀರಿ. ನೋಡಿ ಸ್ವಾಮಿ, ಧಾರಾಳವಾಗಿ ನೋಡಿ. ಆದರೆ ವರ್ಷಕ್ಕೊಂದು ಊರು, ನಾಲ್ಕು ದಿನ ಕೂತು ನೋಡಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ ಎಲ್ಲಾ ಒಂದೇ ದಿನಕ್ಕೆ ಟೆಂಪೋದಲ್ಲಿ ಮುಗಿಸಿದವನು ಮಲೆನಾಡು ನೋಡಿದೆ ಅಂದ್ರೆ ನಗ್ತೀರೋ ಇಲ್ಲವೋ?

ಹೋಗೋದಾದ್ರೆ ಕೆಲವು ವಿಷಯ ನೆನಪಿರಲಿ. ದೂರದ ರೈಲಿನ ಟಿಕೆಟ್ ವಾರಗಳ ಮುಂಚೆ ತೆಗೆದರೆ ಸೋವಿ. ರೈಲಿನಲ್ಲೇ ಹಲವು ದೇಶ ಸುತ್ತುವ ಪಾಸ್ ಬೇಕಿದ್ದರೆ, ಇಲ್ಲೇ ವಾಸ ಇರೋ ನಮಗೆ ಇಂಟರ್‌ರೈಲ್. ಯೂರೈಲ್ ಹೊರಗಿಂದ ಬರೋರಿಗೆ. 26 ತುಂಬದ ವಿದ್ಯಾರ್ಥಿಗಳೇ, ಯುರೋಪಿನ ವಾಸದ ಕಾರ್ಡ್ ತೋರಿಸಿದರೆ ಲೂವ್ರ್ ಮ್ಯೂಸಿಯಂ ನಿಮಗೆ ಪುಕ್ಕಟೆ. ಬೇರೆ ಷೆಂಗೆನ್ ದೇಶಗಳಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಪಾಸ್‌ಪೋರ್ಟ್ ಮತ್ತು ವಾಸದ ಕಾರ್ಡ್ ಎರಡೂ ಜೇಬಿನಲ್ಲಿರಲಿ. ಬ್ರಿಟನ್, ಐರ್ಲೆಂಡ್ ಇದರಲ್ಲಿ ಸೇರಿಲ್ಲ.

ಲೋಕಲ್ ರೈಲು ತಡ ಆಗುತ್ತೆ, ಬೇಸಿಗೆಯ ಶನಿವಾರ ನಿಲ್ಲೋಕೂ ಜಾಗ ಇರಲ್ಲ ಅನ್ನೋ ದೂರು ನಿಜ. ಅದಕ್ಕೇ ಬೆಳಿಗ್ಗೆ ಬೇಗ ಹೊರಡಿ, ವಾಪಸ್ ಬರೋಕೆ ಕೊನೆಯ ರೈಲನ್ನ ನೆಚ್ಚಬೇಡಿ, ಅದರ ಹಿಂದಿನದನ್ನೇ ಹಿಡಿಯಿರಿ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಬಾಗಿಲು ಹಾಕಿರುತ್ತೆ, ಡಬ್ಬಿಯಲ್ಲಿ ಚಿತ್ರಾನ್ನವೋ ಪುಳಿಯೋಗರೆಯೋ ಇರಲಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಮನೆಯಿಂದಲೇ ತುಂಬಿಸಿಕೊಳ್ಳಿ.

ಬ್ಲಾಗಿಗ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ಸಲ ಟಿಕೆಟ್ಟಿನ ಬೆಲೆ ಬರೆದರೆ ಬ್ಯಾಗು, ಬಸ್ಸು, ಮಂಚ ಎಲ್ಲದರ ಲೆಕ್ಕವನ್ನೂ ಬರೀರಿ. ನಿಮ್ಮನ್ನ ನಂಬಿ ಟಿಕೆಟ್ ತೆಗೆಯೋ ಹುಡುಗರಿದ್ದಾರೆ. ಅದಕ್ಕಿಂತ ಒಳ್ಳೇದು, ನೀವಿರೋ ಊರಿಂದ ಎರಡು ಗಂಟೆಯೊಳಗೆ ನೋಡುವಂಥದ್ದು ಏನಿದೆ ಅಂತ ಬರೀರಿ. ಓದೋಕೆ ನಾನಿದ್ದೀನಿ.