ನೀರು ಶುದ್ಧ ಮಾಡುವುದು ಆಮೆಯ ಕೆಲಸವಲ್ಲ



ಬಾವಿಗೆ ಒಂದು ಆಮೆ ಬಿಟ್ಟರೆ ನೀರು ತಿಳಿಯಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಹಲವು ಕಡೆ ಹಿಂದಿನಿಂದಲೂ ಇದೆ. ಈಚೆಗೆ ಇದರ ಜೊತೆಗೆ ಇನ್ನೊಂದು ರೂಢಿ ಸೇರಿಕೊಂಡಿದೆ. ಮಕ್ಕಳ ಹಟಕ್ಕಾಗಿ ಪಟ್ಟಣದ ಮೀನಿನ ಅಂಗಡಿಯಿಂದ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಆಮೆಯನ್ನು ತಂದು ಗಾಜಿನ ತೊಟ್ಟಿಯಲ್ಲಿ ಸಾಕುವುದು. ನೀರು ನಾರತೊಡಗಿದ ಮೇಲೆ ಊರ ಕೆರೆಗೆ ಬಿಟ್ಟು ಕೈತೊಳೆದುಕೊಳ್ಳುವುದು. ಇವೆರಡೂ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಹಳಿಯಾಳ, ಮುಂಡಗೋಡಗಳ ಕೆರೆಗಳ ಕೆಳಗೆ ಭತ್ತ ಬೆಳೆಯುವವರೂ, ಜೋಯಿಡಾ, ದಾಂಡೇಲಿಗಳ ಕಾಳಿ ನದಿಯ ದಂಡೆಯವರೂ ಇದನ್ನು ಯೋಚಿಸಿ ನೋಡಬೇಕು.

ಮೊದಲು ಬಾವಿಯ ಮಾತು. ಆಮೆ ಹುಳು, ಬಸವನಹುಳು, ಸತ್ತ ಕಪ್ಪೆಗಳನ್ನು ತಿನ್ನುವುದು ನಿಜ. ಆದರೆ ತಿಂದದ್ದು ಎಲ್ಲಿಗೆ ಹೋಗುತ್ತದೆ? ಅದೇ ನೀರಿಗೆ ಮಲಮೂತ್ರವಾಗಿ ಬರುತ್ತದೆ. ಕಣ್ಣಿಗೆ ಕಾಣುವ ಹುಳು ಮಾಯವಾಗಿ, ಕಣ್ಣಿಗೆ ಕಾಣದ ಹೊಲಸು ಉಳಿಯುತ್ತದೆ. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ. ಆಮೆಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆಮೆಗೆ ಅದರಿಂದ ಬಾಧೆಯಿಲ್ಲದಿದ್ದರೂ ಮನುಷ್ಯರಿಗೆ ವಾಂತಿ, ಭೇದಿ, ಜ್ವರ ಬರುತ್ತವೆ. ಈ ಕಾರಣಕ್ಕಾಗಿಯೇ ಅಮೆರಿಕದಲ್ಲಿ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲಾಯಿತು.

'ಕೆರೆಯಲ್ಲಿ ಆಮೆಗಳಿಲ್ಲವೇ?' ಎಂದು ನೀವು ಕೇಳಬಹುದು. ಇವೆ, ಇರಲೇಬೇಕು. ಕೆರೆಯಲ್ಲಿ ನೀರು ಅಪಾರ. ಹೊಲಸನ್ನು ಹೀರಿಕೊಳ್ಳಲು ಜೊಂಡು, ಪಾಚಿ, ಕೆಸರು ಇವೆ. ಆಮೆಗೆ ಬಿಸಿಲು ಕಾಯಲು, ಮೊಟ್ಟೆಯಿಡಲು ದಂಡೆಯಿದೆ. ಕಲ್ಲು ಕಟ್ಟಿದ ಬಾವಿಯಲ್ಲಿ ಇದೊಂದೂ ಇಲ್ಲ. ಕೂರ್ಮಾವತಾರವೆಂದು ಕೈಮುಗಿಯುವ ಜೀವವನ್ನು ಬಾವಿಯ ಸೆರೆಯಲ್ಲಿ ಇಡುವುದು ಭಕ್ತಿಯೂ ಅಲ್ಲ. ಮೇಲಾಗಿ, ನಮ್ಮ ಕೆರೆಗದ್ದೆಗಳಲ್ಲಿ ಸಿಗುವ ಮೆತ್ತನೆ ಚಿಪ್ಪಿನಂಚಿನ ಆಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿದೆ. ಅದನ್ನು ಹಿಡಿಯುವುದು, ಸಾಕುವುದು ಅಪರಾಧ. ಮಳೆಗಾಲದಲ್ಲಿ ತಾನಾಗಿ ಬಾವಿಗೆ ಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿರಿ.

ಬಾವಿಯ ನೀರಿಗೆ ಬೇಕಾದದ್ದು ಬ್ಲೀಚಿಂಗ್ ಪುಡಿ. 1000 ಲೀಟರ್ ನೀರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ ಸಾಕು. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ಅಡ್ಡಳತೆ, 3 ಮೀಟರ್ ನೀರಿರುವ ಬಾವಿಯಲ್ಲಿ 9,420 ಲೀಟರ್ ನೀರಿರುತ್ತದೆ. ಅದಕ್ಕೆ ಸುಮಾರು 24 ಗ್ರಾಂ ಪುಡಿ ಬೇಕು. ರಾತ್ರಿ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಬಾವಿಗೆ ಬೆರೆಸಿದರೆ ಬೆಳಗಿಗೆ ನೀರು ಬಳಕೆಗೆ ಬರುತ್ತದೆ.

ಇನ್ನು ಅಂಗಡಿಯ ಆಮೆಯ ವಿಷಯ. ಸಾಮಾನ್ಯವಾಗಿ ಮಾರುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕ ಮೂಲದ ಜಾತಿ. ಅದನ್ನು ಕೊಳ್ಳದಿರುವುದೇ ಲೇಸು. ಈಗಾಗಲೇ ಮನೆಯಲ್ಲಿದ್ದರೆ, ಅದು ಒಂದು ಹಸುವಿನಷ್ಟೇ ಹೊಣೆಯೆಂದು ತಿಳಿಯಿರಿ. ಅದು 20 ವರ್ಷಕ್ಕೂ ಹೆಚ್ಚು ಬದುಕಬಲ್ಲದು.

ಅದರ ತೊಟ್ಟಿಯ ನೀರು ಕೆಡುವ ಬಗೆ ಕೃಷಿಕರಿಗೆ ಹೊಸತೇನಲ್ಲ. ಹೊಲಕ್ಕೆ ಹಾಕಿದ ಯೂರಿಯಾ ಅಮೋನಿಯಾ ಆಗಿ, ನಂತರ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುತ್ತದಷ್ಟೆ. ಆಮೆಯ ಮಲಮೂತ್ರ, ತಿಂದುಳಿದ ಆಹಾರ ಇವೂ ಇದೇ ದಾರಿ ಹಿಡಿಯುತ್ತವೆ. ಮೊದಲಿನ ಎರಡು ವಿಷ. ಮೂರನೆಯದು ಬೆಳೆಗೆ ಗೊಬ್ಬರ. ಈ ಬದಲಾವಣೆ ಮಾಡುವ ಸೂಕ್ಷ್ಮಾಣುಗಳು ಶೋಧಕದ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಆದುದರಿಂದ ಸ್ಪಂಜನ್ನು ಸೋಪಿನಿಂದಾಗಲಿ ಕ್ಲೋರಿನ್ ಇರುವ ನಲ್ಲಿ ನೀರಿನಿಂದಾಗಲಿ ತೊಳೆಯಬಾರದು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಮೀನಿಗೆಂದು ಮಾರುವ ಶೋಧಕ ಆಮೆಗೆ ಸಾಲದು. ತೊಟ್ಟಿಯ ಅಳತೆಗಿಂತ ಎರಡು ಪಟ್ಟು ಶಕ್ತಿಯದು ಬೇಕು.

ಚಿಪ್ಪಿನ ಪ್ರತಿ ಅಂಗುಲ ಉದ್ದಕ್ಕೆ ಸುಮಾರು 40 ಲೀಟರ್ ನೀರಿರಲಿ. 8 ಅಂಗುಲದ ಆಮೆಗೆ 300 ಲೀಟರಿಗೂ ಮೇಲಾಯಿತು! ಇದಕ್ಕೆ ಗಾಜಿಗಿಂತ ಸಿಮೆಂಟ್ ತೊಟ್ಟಿ ಅಗ್ಗ; ಹೊಸ ತೊಟ್ಟಿಯಾದರೆ ಹಲವು ಸಲ ನೀರು ತುಂಬಿಸಿ ಚೆಲ್ಲಿದ ಮೇಲೆ ಬಳಸಿರಿ. ಬಿಸಿಲು ಕಾಯಲು ಒಂದು ಒಣ ಕಲ್ಲನ್ನು ಇಡಿರಿ. ಆಹಾರವನ್ನು ಬೇರೆ ಬೋಗುಣಿಯಲ್ಲಿ ಕೊಟ್ಟು, ಕಾಲು ಗಂಟೆಯ ನಂತರ ಆಮೆಯನ್ನು ತೊಟ್ಟಿಗೆ ಬಿಟ್ಟರೆ ಅರ್ಧ ಹೊಲಸು ತಪ್ಪುತ್ತದೆ. ಅನ್ನ, ರೊಟ್ಟಿ ಬೇಡ. ದನಗಳಿಗೆ ಬೆಳೆಸುವ ಅಜೋಲಾ ಅದಕ್ಕೂ ಆಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಿಸಿರಿ.

ತೆಗೆದ ನೀರನ್ನು ತೆಂಗು, ಬಾಳೆಯ ಬುಡಕ್ಕೆ ಹಾಕಿರಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ ಮಡಿಗಳಿಗೆ ಬೇಡ. ತೊಟ್ಟಿಯ ಸಾಮಾನನ್ನು ಅಡಿಗೆಮನೆಯಲ್ಲಿ ತೊಳೆಯಬೇಡಿರಿ. ಆಮೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ. 5 ವರ್ಷದೊಳಗಿನ ಮಕ್ಕಳನ್ನು ದೂರವಿಡಿರಿ.

ಇಷ್ಟೆಲ್ಲ ಶ್ರಮ ಬೇಸರ ತಂದಾಗಲೇ ಕೆರೆಯ ನೆನಪಾಗುತ್ತದೆ. ಅಲ್ಲಿಯೇ ದೊಡ್ಡ ಅಪಾಯ. ಈ ಕೆಂಪು ಪಟ್ಟೆಯ ಆಮೆಯು ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಪಾರ್ಥೇನಿಯಂ ನಮ್ಮ ಹೊಲಗಳಲ್ಲಿ ಏನು ಮಾಡಿತೆಂಬುದು ನಿಮಗೆ ಗೊತ್ತು. ಈ ಪ್ರಾಣಿ ಕೆರೆಗೆ ಸೇರಿದರೆ ನಮ್ಮ ಆಮೆಗಳ ಆಹಾರಕ್ಕೆ, ಬಿಸಿಲು ಕಾಯುವ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ತನ್ನ ರೋಗಗಳನ್ನೂ ಹಂಚುತ್ತದೆ. ಅತ್ತಿವೇರಿಯ ಹಿನ್ನೀರಿಗಾಗಲಿ, ಕಾಳಿ ನದಿಗಾಗಲಿ, ನಿಮ್ಮ ಕೃಷಿ ಹೊಂಡಕ್ಕಾಗಲಿ ಅದನ್ನು ಬಿಡಲೇಬಾರದು. ಸಾಕಲಾಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಒಪ್ಪಿಸಿರಿ, ಇಲ್ಲವೇ ಅರಣ್ಯ ಇಲಾಖೆಯವರ ಸಲಹೆ ಕೇಳಿರಿ.

ಕೆರೆಯ ಆಮೆ ಕೆರೆಯಲ್ಲಿರಲಿ, ಅಂಗಡಿಯ ಆಮೆ ಅಂಗಡಿಯಲ್ಲೇ ಉಳಿಯಲಿ. ಕೊಳ್ಳುವವರಿಲ್ಲದಿದ್ದರೆ ತರಿಸುವವರೂ ಇರುವುದಿಲ್ಲ. ಈ ಸಲ ಪೇಟೆಗೆ ಹೋದಾಗ ಮಗು ಹಟ ಹಿಡಿದರೆ, ಊರ ಕೆರೆಯ ಏರಿಯ ಮೇಲೆ ಕರೆದೊಯ್ದು ಬಿಸಿಲು ಕಾಯುವ ಆಮೆಯನ್ನು ತೋರಿಸಿರಿ. ಅದಕ್ಕೆ ತೊಟ್ಟಿಯೂ ಬೇಡ, ಶೋಧಕವೂ ಬೇಡ. ಕೆರೆಯನ್ನು ನಾವು ಕೆಡಿಸದಿದ್ದರೆ ಸಾಕು.