ಬಾಗಿಲಾಚೆ ಇಟ್ಟ ತಟ್ಟೆ



ಅಮೆರಿಕದ ಕುಣಿತಗಾರರ ಸುದ್ದಿ ನಮಗ್ಯಾಕೆ ಅಂತ ನೀವು ಕೇಳಬಹುದು. ಅಸ್ಪೃಶ್ಯತೆ ನಮ್ಮೂರ ಬಾವಿಕಟ್ಟೆಯಲ್ಲಿ ಮಾತ್ರ ಇಲ್ಲ. ಒಬ್ಬನ ಮೈ ಕಂಡು ಇನ್ನೊಬ್ಬ ಹಿಂದೆ ಸರಿದ ಕಡೆಯೆಲ್ಲ ಅದರ ನಾತ ಇದೆ. ಅದಕ್ಕೇ ಕೇಳಿ.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಸಲಿಂಗಪ್ರೇಮಿ ಯುವಕರಿಗೆ ಬಂದ ವಿಚಿತ್ರ ನ್ಯುಮೋನಿಯಾದ ವರದಿ ಹೊರಬಿತ್ತು. ಮರುವರ್ಷ ಆ ಕಾಯಿಲೆಗೆ ಏಡ್ಸ್ ಅಂತ ಹೆಸರಿಟ್ಟರು. ಜನ ಸಾಯುತ್ತಲೇ ಇದ್ದರು, ಅಧ್ಯಕ್ಷ ರೇಗನ್ ಅದರ ಬಗ್ಗೆ ಬಹಿರಂಗವಾಗಿ ಬಾಯಿಬಿಡಲು 1985 ಬರಬೇಕಾಯಿತು. ಆಸ್ಪತ್ರೆಗಳಲ್ಲಿ ರೋಗಿಯ ಊಟದ ತಟ್ಟೆಯನ್ನು ಬಾಗಿಲಾಚೆ ಇಟ್ಟು ಹೋಗುತ್ತಿದ್ದರು. ಹೆಣ ಮುಟ್ಟಲು ಒಪ್ಪದವರಿದ್ದರು. ಬಾಗಿಲಾಚೆ ಇಟ್ಟ ತಟ್ಟೆ! ಇದು ನಮಗೆ ಗೊತ್ತಿಲ್ಲದ ಕಥೆಯೇ?

ಕುಣಿತಗಾರರದು ಮುಟ್ಟುವ ಕಸುಬು. ಒಬ್ಬ ಹಾರಿದರೆ ಇನ್ನೊಬ್ಬ ಹಿಡಿಯಬೇಕು. ಒಬ್ಬನ ಬೆವರು ಇನ್ನೊಬ್ಬನ ಮೈಗೆ. ಬಿಲ್ ಟಿ. ಜೋನ್ಸ್ ಕಪ್ಪುಜನದವನು, ಊರೂರು ಅಲೆದು ಹೊಲಗೂಲಿ ಮಾಡುತ್ತಿದ್ದವರ ಹನ್ನೆರಡು ಮಕ್ಕಳಲ್ಲಿ ಹತ್ತನೆಯವನು. ತನ್ನ ಸಂಗಾತಿ ಆರ್ನಿ ಜೇನ್ ಜೊತೆ 1982ರಲ್ಲಿ ಕುಣಿತದ ತಂಡ ಕಟ್ಟಿದ. 1988ರಲ್ಲಿ ಆರ್ನಿಯನ್ನು ಏಡ್ಸ್ ಕೊಂಡುಹೋಯಿತು. ತಂಡದ ಇನ್ನೊಬ್ಬ ಗೆಳೆಯ ಡೆಮಿಯನ್ ಅಕ್ವಾವೆಲ್ಲಾ ಕೂಡ ಕಾಯಿಲೆ ಬಿದ್ದ. ಅವನ ಹೆಸರಲ್ಲಿ ಬಿಲ್ 1989ರಲ್ಲಿ 'ಡಿ-ಮ್ಯಾನ್ ಇನ್ ದಿ ವಾಟರ್ಸ್' ಎಂಬ ಕುಣಿತ ಕಟ್ಟಿದ. ಅದರಲ್ಲಿ ಎಲ್ಲರೂ ನೀರಿಗೆ ಬಿದ್ದವರಂತೆ ನೆಲದ ಮೇಲೆ ಜಾರ್ತಾರೆ, ಹಾರ್ತಾರೆ, ಒಬ್ಬರನ್ನೊಬ್ಬರು ಹಿಡೀತಾರೆ. ಡೆಮಿಯನ್‌ಗೆ ಕುಣಿಯುವ ಶಕ್ತಿ ಉಳಿದಿರಲಿಲ್ಲ. ಬಿಲ್ ಅವನನ್ನು ಎತ್ತಿಕೊಂಡೇ ರಂಗಕ್ಕೆ ತಂದ. ಅವನು ಕೈಗಳಲ್ಲೇ ತನ್ನ ಪಾಲು ಕುಣಿದ. 1990ರಲ್ಲಿ ತೀರಿಕೊಂಡ.

ಅದೇ 1989ರ ಡಿಸೆಂಬರಿನಲ್ಲಿ ಕಪ್ಪುಜನರ ಹೆಸರಾಂತ ನೃತ್ಯಗಾರ ಆಲ್ವಿನ್ ಐಲಿ ಏಡ್ಸ್‌ನಿಂದ ಸತ್ತ. ಲೋಕಕ್ಕೆ ಹೇಳಿದ್ದು ರಕ್ತದ ಕಾಯಿಲೆ ಅಂತ. ಹೆತ್ತವ್ವನಿಗೆ ಅವಮಾನ ಆಗಬಾರದು ಅಂತ ಅವನೇ ಹಾಗೆ ಕೇಳಿಕೊಂಡಿದ್ದ. ಸಾಯುವಾಗಲೂ ಸುಳ್ಳಿನ ಹೊದಿಕೆ ಬೇಕಾಯಿತು. ನಾಚಿಕೆ ಯಾರಿಗೆ ಆಗಬೇಕಿತ್ತು?

ಈಗ ನಮ್ಮನ್ನೇ ಕೇಳಿಕೊಳ್ಳೋಣ. ಹಾಸ್ಟೆಲಿನಲ್ಲಿ ನಡಿಗೆ ಬಳುಕಿದ ಹುಡುಗನಿಗೆ ಅಡ್ಡಹೆಸರಿಟ್ಟು ನಗೋರು ಯಾರು? ಅವನ ಪಕ್ಕದ ಜಾಗ ಖಾಲಿ ಬಿಡೋರು ಯಾರು? ನಾವೇ. ಕೇರಿಯಿಂದ ಬಂದ ನಾವೇ. 'ನಾವು ಕೇರಿಯಲ್ಲಿ ಹುಟ್ಟಿದವರು, ಅವರು ಬೇಕಂತಲೇ ಹಾಗಾದವರು' ಅಂತ ಕೆಲವರ ವಾದ. ಮನಸ್ಸು ಯಾರ ಕಡೆ ತಿರುಗಬೇಕು ಅಂತ ಯಾರೂ ಅರ್ಜಿ ಹಾಕಿ ಬಂದಿರೋದಿಲ್ಲ. ಇರಲಿ, ಬೇಕಂತಲೇ ಆದರು ಅಂದುಕೊಂಡರೂ, ತಟ್ಟೆಯನ್ನು ಬಾಗಿಲಾಚೆ ಇಡೋ ಹಕ್ಕು ನಮಗೆ ಕೊಟ್ಟೋರು ಯಾರು?

ಎಚ್‌ಐವಿ ಇರೋರನ್ನು ದೂರ ಇಡಬಾರದು ಅಂತ 2017ರಲ್ಲಿ ನಮ್ಮ ದೇಶದಲ್ಲಿ ಕಾಯ್ದೆ ಆಯಿತು. ಸಲಿಂಗ ಪ್ರೇಮ ಅಪರಾಧವಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಕಾಯ್ದೆ ಬಂದ ಮಾತ್ರಕ್ಕೆ ತಟ್ಟೆ ಒಳಗೆ ಬರೋಲ್ಲ. ಇದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಟ್ಟಿದರೆ, ಬೆವರು ತಾಗಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿ ಹರಡೋದಿಲ್ಲ. ಅಂಜಿಕೆ ಹರಡುತ್ತೆ. ಆ ಕುಣಿತಗಾರರು ಭಾಷಣ ಮಾಡದೆ, ಸಾಯುತ್ತಿದ್ದ ಗೆಳೆಯನನ್ನು ಎಲ್ಲರೆದುರು ಎತ್ತಿಕೊಂಡರು.

ಇವತ್ತು ರಾತ್ರಿ ಊಟದ ಹೊತ್ತಿಗೆ ಆ ಹುಡುಗನ ಪಕ್ಕ ನಮ್ಮ ತಟ್ಟೆ ಇಟ್ಟುಕೊಂಡು ಕೂರೋಣ. ಅಷ್ಟರಿಂದ ಶುರುವಾಗಲಿ.

ಜೈಭೀಮ್.